ಪಕ್ಕದಲ್ಲಿ ನಿಂತವನ ಕಿವಿ

ಚೆನ್ನೈನ ಶೋಳಿಂಗನಲ್ಲೂರಿನ ಆಫೀಸಿನಲ್ಲಿ ನನ್ನ ಕೆಲಸ ವಿಡಿಯೋ ಗೇಮ್‌ಗಳಿಗೆ ಬೇಕಾದ ವಸ್ತುಗಳನ್ನು ಕಂಪ್ಯೂಟರಿನಲ್ಲಿ ರೂಪಿಸುವುದು. ಬಹಳ ಕಾಲ ಮರ, ಕುರ್ಚಿ, ದೀಪದ ಕಂಬಗಳನ್ನೇ ಮಾಡಿದೆ. ಆಮೇಲೆ ಯುದ್ಧದ ಗೇಮ್ ಒಂದು ಬಂತು, ನನ್ನ ಪಾಲಿಗೆ ರೈಫಲ್‌ಗಳು ಬಿದ್ದವು. ರೈಫಲಿನ ಮೈ ಮಾಡುವುದು ಕಷ್ಟವಾಗಲಿಲ್ಲ. ನಾನು ಸಿಕ್ಕಿಹಾಕಿಕೊಂಡದ್ದು ನಳಿಗೆಯ ಬಾಯಿಗೆ ತಿರುಪಿ ಕೂರಿಸುವ ಸಣ್ಣ ಕೊಳವೆಗಳಲ್ಲಿ. ಒಂದಕ್ಕೆ ಸುತ್ತಲೂ ಸೀಳು, ಒಂದಕ್ಕೆ ಎರಡೂ ಪಕ್ಕೆಯಲ್ಲಿ ಕಿಟಕಿ, ಇನ್ನೊಂದಕ್ಕೆ ಮೇಲೆ ಮಾತ್ರ ತೂತು. ಯಾವುದು ಏತಕ್ಕೆ ಎಂದು ತಿಳಿಯದೆ ಚಿತ್ರ ನೋಡಿ ನಕಲು ಮಾಡುತ್ತಿದ್ದೆ. ತೂತುಗಳ ದಿಕ್ಕು ತಪ್ಪಿದೆ ಎಂದು ಕೆಲಸ ವಾಪಸು ಬರುತ್ತಿತ್ತು.

ಅಣ್ಣನನ್ನು ಕೇಳೋಣ ಅನ್ನಿಸಿತು. ಅವನು ಸೈನ್ಯದಲ್ಲಿದ್ದವನು, ಫೈರಿಂಗ್ ರೇಂಜಿನಲ್ಲಿ ಹೊಸಬರಿಗೆ ಗುಂಡು ಹಾರಿಸುವುದನ್ನು ಕಲಿಸುತ್ತಿದ್ದ ಉಸ್ತಾದ. ನಿವೃತ್ತನಾಗಿ ವಿಮಾನ ನಿಲ್ದಾಣದ ಪಕ್ಕದ ಪಲ್ಲಾವರಂನಲ್ಲಿ ಹೆಂಡತಿ, ಮಗಳ ಜೊತೆ ಇದ್ದ. ನಮ್ಮ ಅಪ್ಪ ಧಾರವಾಡದ ಕಡೆಯಿಂದ ಇಲ್ಲಿಯ ಸೌಕಾರ್‌ಪೇಟೆಗೆ ಬಟ್ಟೆ ವ್ಯಾಪಾರಕ್ಕೆ ಬಂದವರು. ನಾನೂ ಅಣ್ಣನೂ ಇವತ್ತಿಗೂ ಅಪ್ಪನ ಊರಿನ ಮಾತನ್ನೇ ಆಡುತ್ತೇವೆ. ಅತ್ತಿಗೆಯೂ ಆ ಕಡೆಯವರೇ. ಮಗಳು ಮಾತ್ರ ಇಲ್ಲೇ ಬೆಳೆದು ಇಲ್ಲೇ ಓದಿದವಳು. ಕನ್ನಡದಲ್ಲಿ ಕೇಳಿದರೆ ತಿಳಿಯುತ್ತದೆ, ಉತ್ತರ ತಮಿಳಿನಲ್ಲಿ ಬರುತ್ತದೆ.

ಒಂದು ಭಾನುವಾರ ಲ್ಯಾಪ್‌ಟಾಪ್ ತೆಗೆದುಕೊಂಡು ಹೋದೆ. ಚಿತ್ರಗಳನ್ನು ಕಂಡದ್ದೇ ಅಣ್ಣ ಕುರ್ಚಿ ಹತ್ತಿರ ಎಳೆದುಕೊಂಡ. ನಿವೃತ್ತನಾದ ಮೇಲೆ ಅವನನ್ನು ಅಷ್ಟು ಹುರುಪಿನಲ್ಲಿ ನಾನು ನೋಡಿರಲಿಲ್ಲ.

"ನೋಡ ತಂಗಿ, ಗುಂಡು ಹೋದ ಹಿಂದನ ಬೆಂಕಿ, ಗಾಳಿ ಎಲ್ಲಾ ಒಮ್ಮೆಲೆ ಹೊರಗ ಬರತೈತಿ" ಅಂದ. "ಅದನ್ನ ಯಾವ ಕಡೆ ಕಳಸಬೇಕು, ಅಷ್ಟ ಇವುಗಳ ಕೆಲಸ."

ಸುತ್ತಲೂ ಸೀಳಿರುವುದು ಫ್ಲ್ಯಾಶ್ ಹೈಡರ್. ಅದು ಬೆಂಕಿಯನ್ನು ಚೂರು ಮಾಡಿ ಚೆದುರಿಸುತ್ತದೆ. ವೈರಿಯಿಂದ ಮರೆಮಾಚುವುದಕ್ಕೆ ಎಂದು ನಾನು ತಿಳಿದಿದ್ದೆ. ಅದಕ್ಕಿಂತ ಹೆಚ್ಚಾಗಿ ರಾತ್ರಿ ಆ ಬೆಳಕಿಗೆ ಹೊಡೆದವನ ಕಣ್ಣಿಗೇ ಕತ್ತಲೆ ಕವಿಯದಿರಲಿ ಎಂದು ಅದು ಇರುವುದು ಅಂತ ಅಣ್ಣ ಹೇಳಿದ. ಮೇಲೆ ತೂತಿರುವುದು ಕಾಂಪೆನ್ಸೇಟರ್. ಗುಂಡು ಹಾರಿದಾಗ ನಳಿಗೆ ಮೇಲಕ್ಕೆ ಜಿಗಿಯುತ್ತದೆ, ಮೇಲಕ್ಕೆ ನುಗ್ಗುವ ಗಾಳಿ ಅದನ್ನು ಕೆಳಕ್ಕೆ ಒತ್ತಿ ಹಿಡಿಯುತ್ತದೆ. ಉದ್ದನೆಯ ಡಬ್ಬಿಯಂಥದ್ದು ಸಪ್ರೆಸರ್. ಒಳಗೆ ಕೋಣೆ ಕೋಣೆಯಾಗಿದ್ದು ಗಾಳಿ ಅಲ್ಲಿ ಸುತ್ತಿ ಸೋತು ಹೊರಗೆ ಬರುತ್ತದೆ. ಅದರಿಂದ ಸದ್ದು ತಗ್ಗುತ್ತದೆ, ಸತ್ತುಹೋಗುವುದಿಲ್ಲ. ಸಿನಿಮಾದಲ್ಲಿ ತೋರಿಸುವ ಹಾಗೆ ಪುಸ್ ಅನ್ನುವ ಬಂದೂಕನ್ನು ತಾನು ಎಲ್ಲೂ ಕಂಡಿಲ್ಲ ಅಂದ.

ಪಕ್ಕೆಯಲ್ಲಿ ಕಿಟಕಿಯಿದ್ದ ಮಜಲ್ ಬ್ರೇಕ್ ಕೊನೆಗೆ ಬಂತು. ಗಾಳಿಯನ್ನು ಅದು ಎರಡೂ ಪಕ್ಕಕ್ಕೆ, ಸ್ವಲ್ಪ ಹಿಂದಕ್ಕೂ ದೂಡುತ್ತದೆ. ಹಾಗಾಗಿ ದೊಡ್ಡ ರೈಫಲ್ ಕೂಡ ಭುಜಕ್ಕೆ ಅಷ್ಟು ಒದೆಯುವುದಿಲ್ಲ.

"ಹೊಡದಾಂವಗ ಆರಾಮ" ಅಂದ ಅಣ್ಣ. "ಪೆಟ್ಟೆಲ್ಲಾ ಪಕ್ಕದಾಗ ನಿಂತಾಂವಗ."

ಪಕ್ಕದಲ್ಲಿ ಯಾರು ನಿಲ್ಲುತ್ತಾರೆ ಎಂದು ಕೇಳಿದೆ. ಚಿತ್ರವನ್ನೇ ನೋಡುತ್ತಾ ಅವನು, "ಹೂಂ, ಚಾ ಆಮ್ಯಾಲೆ ಕುಡಿಯೋಣಂತ" ಅಂದ.

ಅಡುಗೆಮನೆಯ ಬಾಗಿಲಲ್ಲಿದ್ದ ಅತ್ತಿಗೆ ಬಂದು ಅವನ ಭುಜ ಮುಟ್ಟಿದರು. ಅವನು ತಲೆ ಎತ್ತಿದ ಮೇಲೆ ನನ್ನ ಪ್ರಶ್ನೆಯನ್ನು ನಿಧಾನವಾಗಿ, ತುಟಿ ಬಿಡಿಸಿ ಹೇಳಿದರು. ಅಣ್ಣ ಅವರ ಬಾಯನ್ನೇ ನೋಡಿ, ನನ್ನ ಕಡೆ ತಿರುಗಿದ.

"ಉಸ್ತಾದ ನಿಂದರತಾನ" ಅಂದ. "ನಾನ."

ಅವನಿಗೆ ಕಿವಿ ಸ್ವಲ್ಪ ಮಂದ ಎಂದಷ್ಟೇ ನನಗೆ ಗೊತ್ತಿತ್ತು. ಎಷ್ಟು ಎಂದು ಅವತ್ತು ಅತ್ತಿಗೆ ಪಾತ್ರೆ ತೊಳೆಯುತ್ತಾ ಹೇಳಿದರು. ದನಿ ತಗ್ಗಿಸುವ ಅಗತ್ಯವಿರಲಿಲ್ಲ. ಬಾಗಿಲ ಬೆಲ್ ಕೇಳಿಸುವುದಿಲ್ಲ, ತಲೆಯ ಮೇಲೆ ವಿಮಾನ ಇಳಿದರೂ ಗಮನಕ್ಕೆ ಬರುವುದಿಲ್ಲ. ಕಿವಿಯೊಳಗೆ ಮಾತ್ರ ಸದಾ ಒಂದು ಕೀರಲು ಸದ್ದು, ಮಲಗಿದರೂ ನಿಲ್ಲದ್ದು. ರೇಂಜಿನಲ್ಲಿ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದನಂತೆ. ಕಲಿಯುವವರು ಏನಾದರೂ ಕೇಳಿದರೆ ಅದನ್ನೂ ತೆಗೆಯಬೇಕಾಗುತ್ತಿತ್ತು.

ನಾನೇ ಹಟ ಹಿಡಿದು ಕಿವಿಯ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಗಾಜಿನ ಕೋಣೆಯಲ್ಲಿ ಅಣ್ಣನನ್ನು ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಲು ಹೇಳಿದರು. ಅವನು ಬೆನ್ನು ನೆಟ್ಟಗೆ ಮಾಡಿ ಕೂತಿದ್ದ, ಗುಂಡಿಯ ಮೇಲೆ ಹೆಬ್ಬೆರಳು ಇಟ್ಟೇ ಇದ್ದ. ಬಹಳ ಹೊತ್ತು ಅದು ಅಲ್ಲಾಡಲಿಲ್ಲ. ಒಳಕಿವಿಯ ಜೀವಕೋಶಗಳು ಸತ್ತಿವೆ, ಅವು ಮತ್ತೆ ಹುಟ್ಟುವುದಿಲ್ಲ ಎಂದರು ಡಾಕ್ಟರು. ಉಳಿದದ್ದೂ ಹೋಗುತ್ತದೆ ಎಂಬುದನ್ನು ನಾನು ಕೇಳಿದ ಮೇಲೆ ಹೇಳಿದರು. ಕಿವಿಗೆ ಹಾಕುವ ಯಂತ್ರ ಕೊಟ್ಟರು. ಅದು ಕುಕ್ಕರಿನ ಸೀಟಿಯನ್ನೂ ಬಸ್ಸಿನ ಹಾರ್ನನ್ನೂ ದೊಡ್ಡದು ಮಾಡಿತು, ಮಾತನ್ನು ಬಿಡಿಸಿಕೊಡಲಿಲ್ಲ. ಕೆಲವು ವಾರ ಹಾಕಿಕೊಂಡು ಅಣ್ಣ ಅದನ್ನು ಕಪಾಟಿನಲ್ಲಿಟ್ಟ.

ಆಗ ಉಳಿದದ್ದು ತುಟಿ ನೋಡಿ ತಿಳಿಯುವುದು. ನನ್ನ ಮತ್ತು ಅತ್ತಿಗೆಯ ಮಾತನ್ನು ಅವನು ಅರ್ಧಕ್ಕರ್ಧ ಹಿಡಿಯುತ್ತಿದ್ದ, ಹುಟ್ಟಿದಾಗಿನಿಂದ ಆಡಿದ ಮಾತು ತುಟಿಯ ಮೇಲೆ ಮೂಡುವ ಆಕಾರ ಅದು. ಮಗಳ ತಮಿಳು ಮಾತ್ರ ಹಿಡಿಯಲು ಆಗುತ್ತಿರಲಿಲ್ಲ. "ಅಪ್ಪಾ, ಕಾಲೇಜುಕ್ಕು ಪೋಯಿಟ್ಟು ವರೇನ್" ಎಂದು ಬಾಗಿಲಲ್ಲಿ ನಿಂತು ಅವಳು ಮತ್ತೆ ಮತ್ತೆ ಹೇಳುವಳು, ಅವನು ಅತ್ತಿಗೆಯ ಮುಖ ನೋಡುವನು. ಅವಳು ನನ್ನ ಹತ್ತಿರ ಕನ್ನಡ ಕಲಿಯಲು ಬಂದಳು. ಕೆಲವು ವಾಕ್ಯಗಳನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿ ಹೋಗಿ ಅಪ್ಪನ ಎದುರು ಕೂತಳು.

"ಅಪ್ಪಾ, ನಾ ಹೋಗಿ ಬರತೀನಿ."

ಅಣ್ಣ ಅವಳ ಬಾಯನ್ನು ಬಹಳ ಹೊತ್ತು ನೋಡಿದ. "ಉಂಡೆವ್ವಾ, ಆಗ್ಲೇ ಉಂಡೆ" ಅಂದ. ಅವಳು ತಲೆಯಾಡಿಸಿ ಚೀಲ ತೆಗೆದುಕೊಂಡು ಹೊರಟಳು. ಆಮೇಲೆ ಅಪ್ಪನಿಗೆ ಹೇಳಬೇಕಾದದ್ದನ್ನೆಲ್ಲ ಅಮ್ಮನಿಗೆ ಹೇಳತೊಡಗಿದಳು.

ಅಷ್ಟರಲ್ಲಿ ಗೇಮ್ ಮುಗಿಯುತ್ತಾ ಬಂದಿತ್ತು. ನನ್ನ ಕೊಳವೆಗಳ ತೂತುಗಳೆಲ್ಲ ಸರಿಯಾದ ದಿಕ್ಕಿನಲ್ಲಿದ್ದವು. ಆದರೆ ಸಪ್ರೆಸರ್ ಹಾಕಿದರೆ ರೈಫಲ್ ಸಿನಿಮಾದ ಹಾಗೆ ಪುಸ್ ಅನ್ನುತ್ತಿತ್ತು. ಸದ್ದಿನ ಕೆಲಸ ನೋಡುತ್ತಿದ್ದವರಿಗೆ ಹೇಳಿದೆ. ಆಡುವವರು ಅದನ್ನೇ ಬಯಸುತ್ತಾರೆ ಎಂದರು. ಬ್ರೇಕ್ ಇರುವ ರೈಫಲಿನ ಪಕ್ಕದಲ್ಲಿ ನಿಂತ ಆಟಗಾರನಿಗೆ ಏನಾದರೂ ಆಗಬೇಕಲ್ಲ ಎಂದು ಕೇಳಿದಾಗ ಅವರು ಆಸಕ್ತಿಯಿಂದ ಕೇಳಿಸಿಕೊಂಡು, ಅದನ್ನು ಸೇರಿಸಿಯೂ ಬಿಟ್ಟರು. ಕಿವಿಯಲ್ಲಿ ಕುಂಯ್ ಎಂಬ ಸದ್ದು ಬರುತ್ತದೆ, ಸುತ್ತಲಿನದೆಲ್ಲ ಮಂಕಾಗುತ್ತದೆ, ಎರಡು ಉಸಿರಾಡುವಷ್ಟರಲ್ಲಿ ಎಲ್ಲ ಮೊದಲಿನಂತೆ ಕೇಳಿಸುತ್ತದೆ. ಇನ್ನೂ ಉದ್ದ ಮಾಡಲು ಆಗುವುದಿಲ್ಲವೇ ಎಂದೆ. ಆಗ ಯಾರೂ ಆಡುವುದಿಲ್ಲ ಎಂದರು. ಅವರು ಹೇಳಿದ್ದು ನಿಜವೇ.

ಅಣ್ಣ ಗೇಮ್ ನೋಡಬೇಕೆಂದ. ತೋರಿಸಿದೆ. ಬ್ರೇಕಿನ ಕಿಟಕಿಗಳಿಂದ ಎರಡೂ ಕಡೆ ಧೂಳು ಏಳುವುದನ್ನು ಕಂಡು ಮೆಚ್ಚಿಕೊಂಡ. ಸಪ್ಪಳ ಹೆಂಗೈತಿ ಎಂದು ಕೇಳಿದ. ನಾನು ಹೇಳಿದ ಉತ್ತರವನ್ನು ಅವನು ಹಿಡಿಯಲಿಲ್ಲ. ಇನ್ನೊಮ್ಮೆ ಹೇಳಿದೆ. ಅವನು ಕೈ ಎತ್ತಿ ಸಾಕು ಅಂದ.

"ಮಾರಿ ನೋಡಿ ನೋಡಿ ದಣಿವಾಗತೈತಿ ತಂಗಿ" ಅಂದ. "ಇನ್ನ ನನಗ ಆಗಂಗಿಲ್ಲ."

ಅದು ಆ ಹೊತ್ತಿನ ದಣಿವು ಎಂದುಕೊಂಡೆ. ಆದರೆ ಅಂದಿನಿಂದ ಅವನು ಮುಖ ನೋಡುವುದನ್ನೇ ಬಿಟ್ಟ. ಕುರ್ಚಿಯನ್ನು ಬಾಲ್ಕನಿಯ ಕಡೆ ತಿರುಗಿಸಿಕೊಂಡು ರಸ್ತೆ ನೋಡುತ್ತಾ ಕೂರುತ್ತಾನೆ. ಅವನು ಇತ್ತ ತಿರುಗದಿದ್ದರೆ ಯಾರಿಂದಲೂ ಅವನಿಗೆ ಏನನ್ನೂ ಹೇಳಲಾಗುವುದಿಲ್ಲ. ಮೊದಮೊದಲು ಅತ್ತಿಗೆ ಭುಜ ಮುಟ್ಟಿ ಕರೆಯುತ್ತಿದ್ದರು. ಈಗ ತಟ್ಟೆ ತಂದು ಮುಂದೆ ಇಡುತ್ತಾರೆ, ಅಷ್ಟೇ. ನಾನು ಭಾನುವಾರ ಹೋಗುತ್ತೇನೆ, ಪಕ್ಕದ ಸ್ಟೂಲಿನ ಮೇಲೆ ಕೂರುತ್ತೇನೆ. ಹೊರಡುವಾಗ ಹೋಗಿ ಬರುತ್ತೇನೆ ಎಂದು ಅವನ ಬೆನ್ನಿಗೆ ಹೇಳಿ ಮೆಟ್ಟಿಲು ಇಳಿಯುತ್ತೇನೆ.