ಒಂಬತ್ತು ದಿನ ಕಡಿಮೆ

ನಾನು ಐದನೇ ಇಯತ್ತೆಗೆ ಸಾಲಿ ಬಿಟ್ಟವನು. ದೀಪಾವಳಿ ರಜೆ ಮುಗಿದ ಮೇಲೆ ಉಳಿದ ಹುಡುಗರು ಪಾಟಿಚೀಲ ಹಾಕಿಕೊಂಡು ಹೋದರು, ನಾನು ಅಪ್ಪನ ಹಿಂದೆ ಗಾರೆಯ ಬುಟ್ಟಿ ಹೊತ್ತುಕೊಂಡು ಹೋದೆ. ಅದಕ್ಕೆ ನನಗೆ ನಾಚಿಕೆಯಿಲ್ಲ. ಕುಂದಗೋಳ ತಾಲೂಕಿನ ಈ ಸುತ್ತಿನಲ್ಲಿ ನಾನು ಕಟ್ಟಿದ ಗೋಡೆಗಳು ಬೇಕಾದಷ್ಟಿವೆ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಆದರೂ ನನ್ನ ಗೋಡೆ ಬಿರುಕು ಬಿಟ್ಟಿತು ಅಂತ ಇವತ್ತಿನತನಕ ಯಾರೂ ನನ್ನ ಬಾಗಿಲಿಗೆ ಬಂದಿಲ್ಲ.

ನಾಚಿಕೆಯಾದದ್ದು ಬೇರೆ ದಿನ. ಮದುವೆಯಾಗಿ ಮಗಳೂ ಹುಟ್ಟಿದ್ದಳು. ಕಾರ್ಮಿಕರ ಕಾರ್ಡಿಗೆ ವಯಸ್ಸಿನ ದಾಖಲೆ ಬೇಕೆಂದರು, ಸಾಲಿಗೆ ಹೋದೆ. ಗುಮಾಸ್ತ ಹಳೆಯ ಪುಸ್ತಕ ತೆಗೆದು ಧೂಳು ಊದಿ ನಕ್ಕ.

"ಏನ್ ಗೌಂಡಿ, ಐದನೇತ್ತ ಅಂತ ಸುಳ್ಳು ಹೇಳ್ತಿಯಲ್ಲೋ. ಆರನೇತ್ತ ಪಾಸಾಗಿದಿ, ನೋಡಿಲ್ಲೆ!"

ನೋಡಿದೆ. ನಾನು ಗಾರೆ ಹೊತ್ತ ಒಂದೂವರೆ ವರ್ಷ ನನ್ನ ಹೆಸರಿನ ಮುಂದೆ ಸಾಲಾಗಿ ಹಾಜರಿಯ ಗೆರೆ ಎಳೆದಿದ್ದರು. ಮಕ್ಕಳ ಸಂಖ್ಯೆ ಇಳಿದರೆ ಒಬ್ಬ ಮಾಸ್ತರರನ್ನು ಬೇರೆ ಊರಿಗೆ ಹಾಕುತ್ತಾರೆ ಅಂತ, ಆಗಿನವರು ಸಾಲಿ ಬಿಟ್ಟವರ ಹೆಸರನ್ನು ಹಾಗೇ ಜೀವಂತ ಇಡುತ್ತಿದ್ದರಂತೆ. ಗುಮಾಸ್ತನಿಗೆ ಅದು ತಮಾಷೆ. ಆ ಒಂದೂವರೆ ವರ್ಷ ಯಾರಾದರೂ ಮಾಸ್ತರರು ಬಂದು ಅಪ್ಪನಿಗೆ "ಹುಡುಗನ್ನ ಕಳಸಪಾ" ಅಂತ ಹೇಳಬಹುದು ಎಂದು ನಾನು ಕಾದಿದ್ದೆ. ಇಟ್ಟಂಗಿ ಎತ್ತಿಕೊಡುತ್ತ ರಸ್ತೆಯ ಕಡೆ ನೋಡುತ್ತಿದ್ದೆ. ಯಾಕೆ ಬರುತ್ತಾರೆ? ಪುಸ್ತಕದಲ್ಲಿ ನಾನು ದಿನಾ ಸಾಲಿಯಲ್ಲೇ ಇದ್ದೆನಲ್ಲ.

ಹೀಗಾಗಿ, ಹತ್ತನೆಯವರೆಗೂ ಬೆಳೆದಿದ್ದ ಅದೇ ಸಾಲಿಯ ಉಸ್ತುವಾರಿ ಸಮಿತಿಗೆ ಪಾಲಕರೆಲ್ಲ ಸೇರಿ ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿದಾಗ ನಾನು ಮೊದಲ ದಿನವೇ ಹೆಡ್‌ಮಾಸ್ತರರಿಗೆ ಒಂದು ಮಾತು ಹೇಳಿದೆ: "ಬರದ ಹುಡುಗರಿಗೆ ಗೈರು ಅಂತನ ಬರೀರಿ. ಬಂದಾರಂತ ಬರದ್ರ ನಾ ಸಹಿ ಮಾಡೂದಿಲ್ಲ."

ಅವರು ಒಳ್ಳೆಯ ಮನುಷ್ಯರು, ಕನ್ನಡಕ ಒರೆಸಿಕೊಳ್ಳುತ್ತ, "ಆತ್ರಿ ಅಧ್ಯಕ್ಷರ. ಆದ್ರ ಗೈರು ಬರದ್ರ ಮ್ಯಾಲಿನವರು ನನ್ನ ಕೇಳ್ತಾರ, ಹುಡುಗರ್ನ ಯಾಕ ಕರಕೊಂಡು ಬರಲಿಲ್ಲಂತ," ಎಂದರು.

"ಕರಕೊಂಡು ಬರೂದು ನನಗ ಬಿಡ್ರಿ," ಅಂದೆ.

ಅವತ್ತಿನಿಂದ ನನ್ನ ಬೆಳಗು ಬದಲಾಯಿತು. ಕೆಲಸಕ್ಕೆ ಹೊರಡುವ ಮುಂಚೆ ಸಾಲಿಯ ಪ್ರಾರ್ಥನೆಗೆ ಹೋಗಿ ನಿಂತು ತಲೆ ಎಣಿಸುತ್ತಿದ್ದೆ. ಬಾಗಿಲ ಬಾಜು ಒಂದು ಕರಿಹಲಗೆ ಇದೆ, ಅದರ ಮೇಲೆ ಗಂಡು ಇಷ್ಟು, ಹೆಣ್ಣು ಇಷ್ಟು, ಒಟ್ಟು ಇಷ್ಟು ಅಂತ ದಿನಾ ಬರೆಯುತ್ತಾರೆ. ಅದನ್ನು ನೋಡಿಯೇ ಬಿಸಿಯೂಟದ ಅಕ್ಕ ಅಕ್ಕಿ ಅಳೆಯುತ್ತಾಳೆ. ನನ್ನ ಎಣಿಕೆಗೂ ಹಲಗೆಯ ಎಣಿಕೆಗೂ ತಾಳೆಯಾಗಬೇಕು. ಮಕ್ಕಳ ಹಾಜರಿಯನ್ನು ಫೋನಿನಲ್ಲಿ ಕಳಿಸುವ ಪದ್ಧತಿ ಬಂದಮೇಲಂತೂ ಹತ್ತೂವರೆಯೊಳಗೆ ಕಳಿಸುವತನಕ ಹೆಡ್‌ಮಾಸ್ತರರ ಹಿಂದೆಯೇ ನಿಲ್ಲುತ್ತಿದ್ದೆ. ಅಡುಗೆಯ ಅಕ್ಕ ನನ್ನ ಕಂಡ ಕೂಡಲೇ ಒಲೆಯ ಮುಂದಿನಿಂದ ಕೂಗುತ್ತಿದ್ದಳು:

"ಬಂದ್ರವಾ ಎಣಿಕಿ ಸಾಹೇಬ್ರು! ನನ್ನ ಸಾರಿನ್ಯಾಗಿನ ಬ್ಯಾಳಿ ಎಷ್ಟ ಅದಾವು, ಅದನ್ನೂ ಒಂದೀಟು ಎಣಿಸಿ ಹೋಗ್ರಿ."

"ಎಣಿಸಾಕ ಬ್ಯಾಳಿ ಕಾಣಬೇಕಲ್ಲಬೇ," ಅಂತ ನಾನು. ಮಕ್ಕಳು ನಗುತ್ತಿದ್ದರು.

ಮೂರು ದಿನ ಸತತ ಬರದ ಹುಡುಗರ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು, ಗೋಡೆ ಕಟ್ಟುವ ಕರಣಿ, ಓಳಂಬ ಇಟ್ಟ ಚೀಲ ಹೆಗಲಿಗೆ ಹಾಕಿಕೊಂಡೇ ಅವರ ಮನೆಗೆ ಹೋಗುತ್ತಿದ್ದೆ. ಒಳಗೆ ಹೋಗುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಹುಡುಗರ ಹೆಸರು ಹಿಡಿದು ಕೂಗುತ್ತಿದ್ದೆ, ತಂದೆತಾಯಿಯ ಹೆಸರಲ್ಲ. ನನ್ನ ಹೆಸರನ್ನು ಯಾರೂ ಹಾಗೆ ಕೂಗಿರಲಿಲ್ಲ, ಅದಕ್ಕೆ. ಹೆಸರುಕಾಳು ಬಿಡಿಸುವ ಕಾಲ, ಮೆಣಸಿನಕಾಯಿ ಕಾಲ, ಹತ್ತಿ ಕಾಲ, ಈ ಮೂರೂ ಕಾಲದಲ್ಲಿ ನನಗೆ ಕೂಗಿ ಕೂಗಿ ದನಿ ಬೀಳುತ್ತಿತ್ತು. ಕೆಲವರು ಬೈದರು. ಒಬ್ಬ ಮುದುಕಿ, "ನೀ ಕಲ್ತು ಏನ್ ಕಡದ್ ಗುಡ್ಡಿ ಹಾಕಿದ್ಯೋ?" ಅಂದಳು. "ಕಲೀಲಿಲ್ಲಲ್ಲಬೇ, ಅದಕ್ಕ ಬಂದೀನಿ," ಅಂದೆ. ಮರುದಿನ ಅವಳ ಮೊಮ್ಮಗಳು ಸಾಲಿಗೆ ಬಂದಳು. ನನಗೆ ಹೆಮ್ಮೆಯಿತ್ತು. ಸುಳ್ಳು ಯಾಕೆ ಹೇಳಲಿ, ಬಹಳ ಇತ್ತು.

ಹೋದ ವರ್ಷ ಮಗಳು ಹತ್ತನೇತ್ತ. ಮನೆಯಲ್ಲಿ ಅಷ್ಟು ದೂರ ಓದಿದವರು ಅವಳೇ ಮೊದಲು. ದಸರೆಗೆ ಮುಂಚೆ ಹೆಂಡತಿಗೆ ಗರ್ಭಚೀಲದ ಆಪರೇಶನ್ ಆಯಿತು. ಭಾರ ಎತ್ತಬಾರದು, ಬಗ್ಗಬಾರದು ಎಂದರು. ನೀರು ತರಬೇಕು, ರೊಟ್ಟಿ ಆಗಬೇಕು, ಎಮ್ಮೆ ಹಿಂಡಬೇಕು, ಅವಳನ್ನು ಹಿಡಿದು ಎಬ್ಬಿಸಬೇಕು. ನಾನು ಮಗಳಿಗೆ ಅಂದೆ, "ಎರಡು ದಿನ ಮನ್ಯಾಗ ಇರವಾ."

ಅದೇ ವಾರ ನನಗೆ ಯರಗುಪ್ಪಿ ಕಡೆ ದೊಡ್ಡ ಮನೆಯ ಕೆಲಸ ಸಿಕ್ಕಿತು. ಹೊತ್ತು ಮೂಡುವ ಮುಂಚೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದೆ. ಪ್ರಾರ್ಥನೆಗೆ ಹೋಗುವುದು ನಿಂತಿತು. ಶನಿವಾರ ಮಾತ್ರ ಸಾಲಿಗೆ ಹೋಗಿ ವಾರದ ಹಾಜರಿಗೆ ಸಹಿ ಹಾಕಿ ಬರುತ್ತಿದ್ದೆ. ಒಟ್ಟು ನೋಡುತ್ತಿದ್ದೆ, ಹಲಗೆಗೆ ತಾಳೆ ನೋಡುತ್ತಿದ್ದೆ, ಸಹಿ ಮಾಡುತ್ತಿದ್ದೆ. ಒಂದೊಂದು ಹೆಸರಿನ ಮುಂದೆ ಏನಿದೆ ಅಂತ ಆ ದಿನಗಳಲ್ಲಿ ನೋಡಲಿಲ್ಲ. ಮಗಳು ಮನೆಯಲ್ಲಿದ್ದಾಳೆ ಅಂತ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎರಡು ದಿನ ಎರಡು ವಾರವಾದದ್ದು ಗೊತ್ತಿತ್ತು. ಹೆಂಡತಿ ಒಂದೆರಡು ಸಲ ಅಂದಳು, "ಅಕಿ ಸಾಲಿ ಬಾಳ ತಪ್ಪಾಕತ್ತೇತ್ರಿ." ನಾನು, "ಹುಶಾರ ಅದಾಳ, ಹಿಂದಗಡೆ ಓದಿ ಹಿಡಕೋತಾಳ," ಅಂದೆ. ಹೆಂಡತಿಗೆ ಹೊಲಿಗೆಯ ಜಾಗ ಕೀವಾಗಿ ಮತ್ತೆ ಆಸ್ಪತ್ರೆಗೆ ಹಾಕಿದೆವು. ದೀಪಾವಳಿ ಹೋಯಿತು. ಹತ್ತಿ ಬಿಡಿಸುವ ಕಾಲವೂ ಅರ್ಧ ಹೋಯಿತು. ಮಗಳು ಸಂಜೆ ಗೆಳತಿಯ ಪುಸ್ತಕ ತಂದು ಒಲೆಯ ಮುಂದೆ ಕೂತು ಬರೆದುಕೊಳ್ಳುತ್ತಿದ್ದಳು. ಅದನ್ನು ನೋಡಿ ನನಗೆ ಸಮಾಧಾನವೇ ಆಗಿತ್ತು.

ಸಂಕ್ರಾಂತಿ ಮುಗಿದ ಮೇಲೆ ಹೆಡ್‌ಮಾಸ್ತರರು ಕರೆಸಿದರು. ಆ ಹೊತ್ತಿಗೆ ಹೆಂಡತಿ ಎದ್ದು ಓಡಾಡುತ್ತಿದ್ದಳು, ಮಗಳು ದಿನಾ ಸಾಲಿಗೆ ಹೋಗುತ್ತಿದ್ದಳು. ಅವರು ಕೂಡ್ರಿ ಅನ್ನಲೂ ಮರೆತು ಒಂದು ಹಾಳೆ ಮುಂದೆ ಸರಿಸಿದರು.

"ಅಧ್ಯಕ್ಷರ, ನೂರಕ್ಕ ಎಪ್ಪತ್ತೈದು ದಿನ ಬಂದಿರಬೇಕ್ರಿ. ಇಲ್ಲಾಂದ್ರ ಪರೀಕ್ಷಾಕ್ಕ ಕೂಡಸೂದಿಲ್ಲ. ಇನ್ನ ಉಳದ ದಿನಾ ಎಲ್ಲಾ ಬಂದ್ಲು ಅಂತ ಹಿಡದ್ರೂ ನಿಮ್ಮ ಹುಡಿಗಿಗೆ ಒಂಬತ್ತು ದಿನ ಕಡಿಮಿ ಬೀಳ್ತಾವ್ರಿ."

"ನೀವು ಮೊದಲ ಯಾಕ ಹೇಳಲಿಲ್ರಿ?"

ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. "ಮೂರ ದಿನ ತಪ್ಪಿದವರ ಮನಿಗೆ ಹೋಗವ್ರು ನೀವ ಅಲ್ರಿ. ನಿಮ್ಮ ಮನಿಗೆ ಯಾರು ಬರಬೇಕಿತ್ರಿ? ನೀವು ವಾರಾ ಸಹಿ ಮಾಡ್ತಿದ್ರಿ. ಎಲ್ಲಾ ಗೊತ್ತೈತಿ ಅಂತ ತಿಳಕೊಂಡೆ."

ಮರುದಿನದಿಂದ ನಾನು ಕರಣಿ ಮುಟ್ಟಲಿಲ್ಲ. ಯರಗುಪ್ಪಿಯ ಮನೆಯ ಗೋಡೆ ಕಿಟಕಿಯ ಎತ್ತರಕ್ಕೇ ನಿಂತುಹೋಯಿತು, ಯಜಮಾನ ಫೋನು ಮಾಡಿ ಬೈದ. ನಾನು ತಾಲೂಕಿನ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಿ ನಿಂತೆ, ಮರುದಿನವೂ ನಿಂತೆ, ಮೂರನೇ ದಿನ ಅಲ್ಲಿನ ಒಬ್ಬ ಗುಮಾಸ್ತ ಕನಿಕರದಿಂದ ಹೊರಗೆ ಕರೆದುಕೊಂಡು ಬಂದ.

"ಹುಡಿಗಿಗೇ ಆರಾಮ ಇರಲಿಲ್ಲ ಅಂತ ಡಾಕ್ಟರ್ ಚೀಟಿ ತಂದ್ರ ನೋಡಬಹುದ್ರಿ. ತಾಯಿಗೆ ಆರಾಮ ಇರಲಿಲ್ಲ ಅಂದ್ರ ನಡಿಯೂದಿಲ್ಲ."

ಆಪರೇಶನ್ ಮಾಡಿದ ಡಾಕ್ಟರರ ಬಳಿ ಓಡಿದೆ. ಅವರು ಹೆಂಡತಿಯ ಕಾಗದವನ್ನೆಲ್ಲ ಕೊಟ್ಟರು. ಮಗಳದ್ದು ಕೇಳಿದಾಗ, "ಅಕಿನ್ನ ನಾ ನೋಡೇ ಇಲ್ಲಲ್ಲಪಾ, ಹೆಂಗ ಬರೀಲಿ?" ಎಂದರು. ಇದೇ ಮಾತನ್ನು ನಾನು ಎಷ್ಟು ಸಲ ಸಾಲಿಯಲ್ಲಿ ಹೇಳಿದ್ದೆ! ಕಾಣದ ಹುಡುಗರ ಹಾಜರಿ ಹೆಂಗ ಬರೀತೀರಿ ಅಂತ.

ಆಮೇಲೆ ನಾನು ಮಾಡಿದ್ದನ್ನು ಬರೆಯಬೇಕೋ ಬೇಡವೋ ಅಂತ ಬಹಳ ಯೋಚನೆ ಮಾಡಿದೆ. ಬರೆಯುತ್ತೇನೆ.

ಶನಿವಾರ, ಸಾಲಿ ಬಿಡುವ ಹೊತ್ತು. ಹೆಡ್‌ಮಾಸ್ತರರ ಕೋಣೆಗೆ ಹೋಗಿ ಬಾಗಿಲು ಹಾಕಿದೆ.

"ಒಂಬತ್ತು ಗೈರು ಅಳಿಸಿ ಗೆರಿ ಎಳೀರಿ ಸರ್. ಒಂಬತ್ತ. ಹೆಚ್ಚಿಗಿ ಬ್ಯಾಡ."

ಅವರು ನನ್ನ ಮುಖ ನೋಡಲಿಲ್ಲ. "ಫೋನಿನ್ಯಾಗ ಅವತ್ತವತ್ತ ಹೋಗೇತ್ರಿ. ತಿದ್ದಾಕ ಬರೂದಿಲ್ಲ. ಹಿಂದ ನಿಂತು ಆ ರೂಢಿ ಹಚ್ಚಿದವ್ರು ನೀವ, ನೆನಪೈತಿಲ್ರಿ?"

"ಹಂಗಾರ ಪುಸ್ತಕದಾಗರ ತಿದ್ರಿ. ಪುಸ್ತಕ ಒಯ್ದು ತೋರಸ್ತೀನಿ, ಫೋನ್ ತಪ್ಪೇತಿ ಅಂತೀನಿ."

"ಪುಸ್ತಕದಾಗ ಪ್ರತಿ ವಾರದ ಕೆಳಗ ನಿಮ್ಮ ಸಹಿ ಐತ್ರಿ."

ನಾನು ಪುಸ್ತಕ ಎಳೆದುಕೊಂಡೆ. ದಸರೆಯ ನಂತರದ ಪುಟ. ಮಗಳ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಗೈ, ಗೈ, ಗೈ, ಈ ತುದಿಯಿಂದ ಆ ತುದಿಯವರೆಗೆ. ಅದರ ಕೆಳಗೆ ನನ್ನ ಸಹಿ. ಅಧ್ಯಕ್ಷನಾದ ಹೊಸತರಲ್ಲಿ ಸಿಮೆಂಟಿನ ಚೀಲದ ಕಾಗದದ ಮೇಲೆ ಬರೆದು ಬರೆದು ರೂಢಿ ಮಾಡಿಕೊಂಡ ಸಹಿ. ಪೆನ್ನು ತೆಗೆದು ಅದರ ಮೇಲೆ ಅಡ್ಡ ಗೀಟು ಹಾಕಿದೆ. "ಹೆಸರು ನೋಡದನ ಸಹಿ ಮಾಡೀನಿ ಅಂತ ಬರಕೊಡ್ತೀನ್ರಿ. ನಾ ಕಲಿಯಲಾರದವ, ನನಗ ತಿಳೀಲಿಲ್ಲ ಅಂತ ಬರಕೊಡ್ತೀನಿ." ಎರಡನೇ ಸಹಿಯ ಮೇಲೂ ಗೀಟು ಹಾಕಿದೆ. ಹೆಡ್‌ಮಾಸ್ತರರು ನನ್ನ ಮಣಿಕಟ್ಟು ಹಿಡಿದರು. "ಬ್ಯಾಡ್ರಿ, ಬ್ಯಾಡ್ರಿ," ಅನ್ನುತ್ತಿದ್ದರು. ನಾನು ಕೈ ಕೊಸರಿದೆ, ಮೇಜಿನ ಮೇಲಿನ ನೀರು ಚೆಲ್ಲಿತು. ಜೀವನದಲ್ಲಿ ಮೊದಲ ಸಲ ನಾನು ನನ್ನ ಬಾಯಿಂದಲೇ ಕಲಿಯಲಾರದವ ಅಂತ ಹೇಳಿಕೊಂಡು ಅತ್ತದ್ದು ಆ ಕೋಣೆಯಲ್ಲಿ.

ತಲೆ ಎತ್ತಿದಾಗ ನಾನು ಹಾಕಿದ್ದ ಬಾಗಿಲು ತೆರೆದಿತ್ತು. ಮಗಳು ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದಳು.

"ಅಪ್ಪಾ, ಬಿಡು. ಮನಿಗೆ ಹೋಗೂಣು ನಡಿ."

ದಾರಿಯಲ್ಲಿ ಅವಳು ಮುಂದೆ, ನಾನು ಹಿಂದೆ. ಹತ್ತಿಯ ಹೊಲದ ಬದಿಗೆ ಬಂದಾಗ ತಿರುಗದೆಯೇ ಕೇಳಿದಳು.

"ಮಂದಿ ಮನಿ ಬಾಗಲ್ದಾಗ ನಿಂತು ಎಲ್ಲಾರ್ನೂ ಕರೀತಿದ್ದಿ. ನನ್ನ ಒಂದ ದಿನಾನೂ ಯಾಕ ಕರೀಲಿಲ್ಲ?"

"ನೀ ನನ್ನ ಮನ್ಯಾಗ ಇದ್ದೆಲ್ಲವಾ," ಅಂದೆ.

"ದಿನಾ ಮುಂಜಾನೆ ನಿನ್ನ ಬುತ್ತಿ ಕಟ್ಟೂಮುಂದ ಕಾಯ್ತಿದ್ದೆ. ಇವತ್ತ ಹೋಗಂತೀಯೇನು, ಇವತ್ತ ಹೋಗಂತೀಯೇನು ಅಂತ."

ಹಾಲ್‌ಟಿಕೆಟ್ ಬರಲಿಲ್ಲ. ಪರೀಕ್ಷೆಗೆ ಕೂಡುವವರ ಪಟ್ಟಿ ಹೋದ ಮೇಲೂ ಅವಳು ಹದಿನೈದು ದಿನ ಸಾಲಿಗೆ ಹೋದಳು, ಆಮೇಲೆ ಬಿಟ್ಟಳು. ಪರೀಕ್ಷೆಯ ದಿನ ಅವಳ ಗೆಳತಿಯರು ನಮ್ಮ ಮನೆಯ ಮುಂದಿನಿಂದಲೇ ಬಸ್ಸಿಗೆ ಹೋದರು. ಅವಳು ಹಿತ್ತಲಲ್ಲಿ ಎಮ್ಮೆಯ ಮೈ ತಿಕ್ಕುತ್ತಿದ್ದಳು, ತಿಕ್ಕಿದ್ದನ್ನೇ ತಿಕ್ಕುತ್ತಿದ್ದಳು. ನಾನು ಸಮಿತಿ ಬಿಡುತ್ತೇನೆಂದು ಹೇಳಿದೆ. ಹೆಡ್‌ಮಾಸ್ತರರು ಒಪ್ಪಲಿಲ್ಲ. ಗೀಟು ಹಾಕಿದ ಆ ಎರಡು ಸಹಿಗಳ ಬಾಜು ನಾನೇ ಮತ್ತೆ ಸಹಿ ಮಾಡಿ ಕೊಟ್ಟೆ. ಬರೆದದ್ದು ನಿಜವಿತ್ತಲ್ಲ.

ಈಗ ಮತ್ತೆ ಸಾಲಿ ಸುರುವಾಗಿದೆ. ಹತ್ತನೇತ್ತಕ್ಕೆ ಹೊಸದಾಗಿ ಹೆಸರು ಹಚ್ಚಿ ಇಡೀ ವರ್ಷ ಕೂತರೆ ಪರೀಕ್ಷೆ ಬರೆಯಬಹುದಂತೆ. ಹೆಸರು ಹಚ್ಚಲು ಇನ್ನು ಎಂಟು ದಿನ ಉಳಿದಿವೆ. ಅವಳು ಒಲ್ಲೆ ಅನ್ನುತ್ತಾಳೆ. ಸಣ್ಣವರ ಜೊತೆ ಕೂಡುವುದಿಲ್ಲವಂತೆ. ತನಗಿಂತ ದೊಡ್ಡ ಹುಡುಗಿಯರೊಂದಿಗೆ ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸಕ್ಕೆ ಹೋಗುತ್ತೇನೆ ಅನ್ನುತ್ತಾಳೆ. ಹೆಂಡತಿಯ ತವರಿನವರು ಆಗಲೇ ಒಂದು ಹುಡುಗನ ಮಾತು ತೆಗೆದಿದ್ದಾರೆ. ನಾನು ಕೈ ಹಿಡಿದೆ, ಬೈದೆ, ಎರಡು ದಿನ ಉಣ್ಣಲಿಲ್ಲ. ಅವಳು ತಾಟು ತಂದು ಮುಂದೆ ಇಟ್ಟು ಹೋದಳು.

ಹೋದ ಸೋಮವಾರ ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು ಮನೆಯಿಂದ ಹೊರಬಿದ್ದವನು ಕಟ್ಟೆ ಇಳಿದು ತಿರುಗಿ ನಿಂತೆ. ನನ್ನದೇ ಮನೆ, ನಾನೇ ಕಟ್ಟಿದ ಗೋಡೆ. ಹೊರಗಿನವನ ಹಾಗೆ ಬಾಗಿಲಲ್ಲಿ ನಿಂತು ಮಗಳ ಹೆಸರು ಹಿಡಿದು ಕೂಗಿದೆ. ಎದುರು ಮನೆಯವರು ಹೊರಗೆ ಬಂದು ನೋಡಿದರು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಡೆದೇ ಇತ್ತು. ಮಂಗಳವಾರವೂ ಕೂಗಿದೆ, ಸಪ್ಪಳ ನಿಲ್ಲಲಿಲ್ಲ.

ಇವತ್ತು ಕೂಗಿದಾಗ ಸಪ್ಪಳ ನಿಂತಿತು. ಅವಳು ಹೊರಗೆ ಬರಲಿಲ್ಲ. ಬಹಳ ಹೊತ್ತಾದರೂ ಬರಲಿಲ್ಲ. ಸಾಲಿಯ ಕಡೆಯಿಂದ ಪ್ರಾರ್ಥನೆಯ ಗಂಟೆ ಕೇಳಿತು. ಒಳಗೆ ತವೆಯ ಮೇಲಿನ ರೊಟ್ಟಿ ಸೀಯುವ ವಾಸನೆ ಬರತೊಡಗಿತು. ನಾನು ಮತ್ತೊಮ್ಮೆ ಕೂಗಿದೆ.