ಬೋಳು ತಲೆಗೊಂದು ಆಶೀರ್ವಾದ

ಮೊನ್ನೆ ಮೊಮ್ಮಗಳ ತಲೆ ಬೋಳಿಸಿದರು. ಹೇನು! ಶಾಲೆಯಿಂದ ಹೊತ್ತು ತಂದ ಹೇನು ಯಾವ ಎಣ್ಣೆಗೂ ಜಗ್ಗಲಿಲ್ಲವೆಂದು ನನ್ನ ಮಗಳು ಸಿಟ್ಟಿನ ಭರದಲ್ಲಿ ಕ್ಷೌರದವನನ್ನು ಮನೆಗೇ ಕರೆಸಿಬಿಟ್ಟಳು. ಸಂಜೆ ಜಪಮಾಲೆಯ ಪ್ರಾರ್ಥನೆ ಮುಗಿದ ಮೇಲೆ ಮಗು ಬಂದು ನನ್ನೆದುರು ಮೊಣಕಾಲೂರಿತು. ನಮ್ಮ ಕ್ರೈಸ್ತರ ಮನೆಗಳಲ್ಲಿ ಇದೊಂದು ಪದ್ಧತಿ. ಜಪ ಮುಗಿದೊಡನೆ ಕಿರಿಯರು ಮೊಣಕಾಲೂರಬೇಕು, ಹಿರಿಯರು ಅವರ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಬೇಕು. ಇಟ್ಟೆ. ಅಂಗೈಗೆ ಆ ನುಣುಪು ತಾಗಿದ್ದೇ ತಡ, ಕೈ ತಾನಾಗಿ ಹಿಂದಕ್ಕೆ ಬಂತು. ಮಗು ಕಿಲಕಿಲ ನಕ್ಕಿತು. ನನಗೆ ನಗು ಬರಲಿಲ್ಲ.

ಯಾಕೆಂದು ಹೇಳಬೇಕಾದರೆ ನಿಮ್ಮನ್ನು ಅರವತ್ತರ ದಶಕದ ದಾಂಡೇಲಿಗೆ ಕರೆದೊಯ್ಯಬೇಕು. ಮೂಗು ಮುಚ್ಚಿಕೊಂಡು ಬನ್ನಿ. ಕಾಗದದ ಮಿಲ್ಲಿನ ವಾಸನೆ ಆಗ ಊರಿನ ಅನ್ನದಲ್ಲೂ ಇರುತ್ತಿತ್ತು. ಹೊಸದಾಗಿ ಬಂದ ನಾನು ಪಕ್ಕದ ಮನೆಯವರು ಏನೋ ಕೊಳೆಸುತ್ತಿದ್ದಾರೆಂದು ತಿಳಿದು ಅವರೊಡನೆ ಜಗಳಕ್ಕೇ ಹೋಗಿದ್ದೆ, ಅಂಥ ಜಾಣೆ! ನಮ್ಮವರಿಗೆ ಮಿಲ್ಲಿನಲ್ಲಿ ಬಿದಿರು ಕತ್ತರಿಸುವ ಯಂತ್ರದ ಮೇಲೆ ಕೆಲಸ. ಎರಡು ಖೋಲಿಯ ಮನೆ, ತೊಟ್ಟಿಲಲ್ಲಿ ಮಗಳು, ಒಳಗಿನ ಖೋಲಿಯಲ್ಲಿ ಕಣ್ಣು ಕಾಣದ ಅತ್ತೆ. ಅತ್ತೆ ಧಾರವಾಡದ ಕಡೆಯವರು, ಕಣ್ಣಿಲ್ಲದಿದ್ದರೂ ಬಾಯಿ ಬಲು ಜೋರು. ಸಾರಿಗೆ ಉಪ್ಪು ಕಡಿಮೆಯಾದರೆ ಅವರ ಸ್ವರ ಪಾಳಿಗೆ ಕರೆಯುವ ಮಿಲ್ಲಿನ ಭೋಂಗಾ ಕೂಗಿದಂತೆ ಓಣಿಯ ತುದಿಗೂ ಕೇಳುತ್ತಿತ್ತು.

ಹೀಗಿರುವಾಗ ನಮ್ಮವರ ಕುತ್ತಿಗೆಯಲ್ಲಿ ಗಂಟುಗಳು ಕಾಣಿಸಿಕೊಂಡವು. ಧಾರವಾಡದ ವೈದ್ಯರೊಬ್ಬರು ಕ್ಯಾನ್ಸರ್ ಅಂದರು. ಆಗ ಆ ಶಬ್ದವನ್ನು ಜನ ದನಿ ತಗ್ಗಿಸಿ ಹೇಳುತ್ತಿದ್ದರು. ಮುಂಬಯಿಯಿಂದ ಹೊಸ ಔಷಧ ಬರುತ್ತದೆ, ರಕ್ತನಾಳಕ್ಕೇ ಇಂಜೆಕ್ಷನ್ ಕೊಡುತ್ತೇವೆ, ವಾಂತಿಯಾಗುತ್ತದೆ, ಕೂದಲು ಉದುರುತ್ತದೆ, ಆದರೆ ನಡುವೆ ಬಿಟ್ಟರೆ ಆಮೇಲೆ ನನ್ನ ಕೈಯಲ್ಲೇನೂ ಇಲ್ಲ ಎಂದು ಅವರು ನನಗೆ ಬಿಡಿಸಿ ಹೇಳಿದ್ದರು. ಹಳಿಯಾಳದ ಮೇಲೆ ಧಾರವಾಡಕ್ಕೆ ಹೋಗುವ ಬಸ್ಸಿನಲ್ಲಿ ಹೋಗುವುದು, ಚುಚ್ಚಿಸಿಕೊಂಡು ಬರುವುದು. ಬಂದ ಮೇಲೆ ನಮ್ಮವರಿಗೆ ಒಗ್ಗರಣೆಯ ವಾಸನೆಯೂ ಆಗುತ್ತಿರಲಿಲ್ಲ. ಬರೀ ಗಂಜಿ, ಅದೂ ಅರ್ಧ ಹೊರಗೆ. ವಾಂತಿ ಮಾಡಿ ಮಾಡಿ ಗಂಟಲು ಒಡೆದು, ದನಿಯೇ ಬೇರೆಯಾಯಿತು.

ಅತ್ತೆಗೆ ಹೇಳಲಿಲ್ಲ. ಹೇಗೆ ಹೇಳುವುದು? ಅವರಿಗೆ ಉಳಿದವನು ಈ ಮಗನೊಬ್ಬನೇ. ಹೊಟ್ಟೆಗೆ ಉಷ್ಣವಾಗಿದೆ ಎಂದೆವು. ಏಳಲಾರದೆ ಮಲಗಿದ ದಿನಗಳಲ್ಲಿ ಮಿಲ್ಲಿಗೆ ರಾತ್ರಿ ಪಾಳಿಗೆ ಹೋಗಿದ್ದಾರೆ ಎಂದೆವು. ಕೂದಲು ಗೊಂಚಲುಗೊಂಚಲಾಗಿ ಉದುರತೊಡಗಿದಾಗ ನಾನು ದಿಂಬು ಝಾಡಿಸಿ, ಮೂಲೆಮೂಲೆ ಗುಡಿಸಿ, ಅತ್ತೆಗೆ ಗೊತ್ತಾಗಬಾರದೆಂದು ಹಿತ್ತಿಲಲ್ಲಿ ಹೂಳಿ ಬರುತ್ತಿದ್ದೆ. ಕಣ್ಣು ಕಾಣದವರಿಂದ ಕೂದಲು ಬಚ್ಚಿಟ್ಟವಳು ನಾನು! ಅವರಿಗೆ ಕಣ್ಣಿಲ್ಲ, ಕೈಯಿದೆ ಎಂಬುದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ.

ಸ್ವಲ್ಪ ಚೇತರಿಸಿಕೊಂಡ ಒಂದು ಸಂಜೆ ನಮ್ಮವರು ಜಪಕ್ಕೆ ಕೂತರು. ಮುಗಿದ ಮೇಲೆ, ಹುಟ್ಟಿದಾಗಿನಿಂದ ಬಂದ ರೂಢಿ ನೋಡಿ, ತಾಯಿಯ ಮುಂದೆ ಮೊಣಕಾಲೂರಿ ಬೋಳು ತಲೆ ಬಗ್ಗಿಸಿಬಿಟ್ಟರು. ಅತ್ತೆಯ ಕೈ ಬಂತು, ನಿಂತಿತು. ಮೆಲ್ಲಗೆ ಹಣೆಯಿಂದ ನೆತ್ತಿಗೆ, ನೆತ್ತಿಯಿಂದ ಹಿಂದಲೆಗೆ ಹೋಯಿತು. ಅತ್ತೆ ಕೈ ಹಿಂದೆಗೆದು ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.

"ಯಾವಾಗ ಬಂದ್ರಿ?" ಅಂದರು.

ನನ್ನ ಮಾವ ಎಳೆಯ ವಯಸ್ಸಿಗೇ ಬೋಳಾಗಿದ್ದವರಂತೆ. ಜೋಯಿಡಾದ ಕಡೆ ಕಟ್ಟಿಗೆಯ ಡಿಪೋದಲ್ಲಿ ಕೆಲಸ. ಅಲ್ಲಿಯೇ ಜ್ವರ ಬಂದು ತೀರಿಕೊಂಡರು. ಧಾರವಾಡಕ್ಕೆ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣೂ ಆಗಿಹೋಗಿತ್ತು. ಅತ್ತೆಗೆ ಆಗ ಕಣ್ಣಿತ್ತು, ಆದರೂ ಗಂಡನ ಮುಖ ನೋಡಲು ಸಿಗಲಿಲ್ಲ. ಮುಖ ತೋರದೆ ಹೋದವರು ಒಂದು ದಿನ ಬಂದಾರು ಎಂದು ಅವರ ಮನಸ್ಸಿನ ಒಂದು ಮೂಲೆ ಕಾಯುತ್ತಲೇ ಇತ್ತೇನೋ.

"ಅವ್ವಾ, ನಾನ, ಅಂತೋನಿ," ಎಂದು ನಮ್ಮವರು ಎಷ್ಟು ಹೇಳಿದರೂ ಅತ್ತೆ ನಗುತ್ತಿದ್ದರು. ಅಂತೋನಿ ರಾತ್ರಿ ಪಾಳಿಗೆ ಹೋಗಿದ್ದಾನೆ, ಬಂದಮೇಲೆ ನಿಮ್ಮನ್ನು ನೋಡುತ್ತಾನೆ ಎಂದು ನಮ್ಮ ಸುಳ್ಳನ್ನೇ ನಮಗೆ ಹೇಳುತ್ತಿದ್ದರು. ಮೊದಮೊದಲು ನನಗೂ ಇದೊಂದು ತಮಾಷೆ. ನಮ್ಮವರಿಗೆ ತಿದ್ದಿ ತಿದ್ದಿ ದಣಿವಾಯಿತು. ಹೂಂ ಅನ್ನತೊಡಗಿದರು. ಆಮೇಲೆ ದಿನಾ ಸಂಜೆ ಹೋಗಿ ಅತ್ತೆಯ ಹಾಸಿಗೆಯ ಬದಿಗೆ ತಾವಾಗಿಯೇ ಕೂಡತೊಡಗಿದರು. ಒಮ್ಮೆ ಅತ್ತೆ ಡಿಪೋದ ಕುಂಟ ನಾಯಿಯ ಬಗ್ಗೆ ಕೇಳಿದರು. ಹುಲಿ ಒಯ್ದಿತು ಎಂದು ನಮ್ಮವರು ತಟ್ಟನೆ ಅಂದರು. ಹೋದ ಸಲ ಬಂದಾಗಲೂ ನೀವು ಅದನ್ನೇ ಅಂದಿದ್ದಿರಿ ಎಂದು ಅತ್ತೆ ತಲೆದೂಗಿದರು.

ನಾಯಿಯ ಸಂಗತಿ ನಿಮಗೆ ಯಾರು ಹೇಳಿದ್ದರು ಎಂದು ಹೊರಗೆ ಬಂದ ಮೇಲೆ ನಮ್ಮವರನ್ನು ಕೇಳಿದೆ.

"ಯಾರಿಗ್ಗೊತ್ತು. ಬಾಯಿಗೆ ಬಂತು," ಅಂದರು.

ನಾನು ನಕ್ಕದ್ದು ಅವತ್ತಿಗೇ ಮುಗಿಯಿತು. ಆಮೇಲೆ ಅವರು ಕೂಡುವ ರೀತಿಯೂ ಬದಲಾಯಿತು. ನಾನು ಕರೆದರೆ ತಿರುಗಿ ನೋಡುವುದು ತಡವಾಗುತ್ತಿತ್ತು, ಮಗಳನ್ನು ತೊಡೆಯ ಮೇಲಿಟ್ಟರೆ ಯಾರದೋ ಕೂಸೆಂಬಂತೆ ಹಿಡಿಯುತ್ತಿದ್ದರು. ಇನ್ನೊಂದು ಇಂಜೆಕ್ಷನ್ನಿನ ದಿನ ಹತ್ತಿರ ಬಂತು. ಅದರ ಹಿಂದಿನ ಸಂಜೆ ನಾನು ಬಟ್ಟೆ ಚೀಲಕ್ಕೆ ತುಂಬುತ್ತಿದ್ದಾಗ ಅತ್ತೆಯ ಖೋಲಿಯ ಬಾಗಿಲಲ್ಲಿ ಕೂತ ನಮ್ಮವರು ಶಾಂತವಾಗಿ ಹೇಳಿದರು:

"ನಾ ಹೋಗೂದಿಲ್ಲ. ಇಲ್ಲಿ ಕುಂತಾವಗ ಸೂಜಿ ಯಾಕ ಬೇಕ?"

ಇಲ್ಲಿ ಕುಂತಾವ! ಯಾರು ಆ ಕುಂತಾವ? ನಾನು ಬೇಡಿಕೊಂಡೆ, ಬೈದೆ, ವೈದ್ಯರ ಮಾತು ನೆನಪಿಸಿದೆ, ಮಗಳನ್ನು ತಂದು ಮುಂದಿಟ್ಟೆ. ಅವರು ಅಲ್ಲಾಡಲಿಲ್ಲ. ಕೊನೆಗೆ ನಾನು ಅವರ ಹಿಂದೆಯೇ ನೆಲಕ್ಕೆ ಕುಸಿದು, ಬಾಯಿಗೆ ಸೆರಗು ತುರುಕಿಕೊಂಡು ಅಳತೊಡಗಿದೆ. ಹೊತ್ತು ಮುಳುಗಿ, ದೀಪ ಹಾಕುವುದು ಉಳಿದಿತ್ತು. ಒಳಗಿನಿಂದ ಅತ್ತೆಯ ದನಿ ಬಂತು, ಎಂದೂ ಕೇಳದಷ್ಟು ಮೆದುವಾಗಿ.

"ಏನ್ರಿ, ಯಾರನ್ನ ಕರಕೊಂಡ ಹೋಗಾಕ ಬಂದೀರಿ? ಅಂತೋನಿಗೆ ಸಣ್ಣ ಕೂಸು ಐತಿ. ಅವನ್ನ ಬಿಡ್ರಿ. ನಾ ಬರ್ತೇನಿ."

ಆಮೇಲೆ ಒಡಕು ದನಿಯಲ್ಲಿ ಒಂದೇ ಮಾತು ಕೇಳಿತು: "ಆತು."

ಅತ್ತೆ ದೊಡ್ಡ ಉಸಿರು ಬಿಟ್ಟು ಮಗ್ಗುಲಾದರು. ಬೆಳಗಿನ ಭೋಂಗಾ ಕೂಗುವಾಗ ನಾನು ಚಹಾ ಒಯ್ದರೆ ಅತ್ತೆ ಇರಲಿಲ್ಲ. ಸೆರಗು ತಲೆಯ ಮೇಲಿತ್ತು.

ಮಣ್ಣು ಮಾಡಿ ಬಂದ ಮರುದಿನ ನಮ್ಮವರು ತಾವೇ ಚೀಲ ಹಿಡಿದು ಬಸ್ಸಿಗೆ ನಡೆದರು. ಆಮೇಲೆ ಒಂದು ಇಂಜೆಕ್ಷನ್ನನ್ನೂ ತಪ್ಪಿಸಲಿಲ್ಲ. ಗಂಟುಗಳು ಕರಗಿದವು, ಕೂದಲು ಬಂತು, ಅದೂ ಗುಂಗುರಾಗಿ. ವೈದ್ಯರೇ ಬೆರಗಾದರು. ಆ "ಆತು" ಬಗ್ಗೆ ನಾನು ಎಂದೂ ಕೇಳಲಿಲ್ಲ. ಹೆತ್ತ ತಾಯಿಯ ಜೀವ ಒಯ್ಯಲು ಒಪ್ಪಿಗೆ ಕೊಟ್ಟು ಬದುಕಿದ ಮನುಷ್ಯ. ಅವರ ಒಳಗೆ ಅದು ಎಷ್ಟು ಸುಡುತ್ತಿರಬೇಕು! ಅದಕ್ಕೇ ಅವರ ಮುಂದೆ ಅತ್ತೆಯ ಸಾವಿನ ಮಾತು ಬಂದರೆ ನಾನು ಬೇರೆ ಮಾತು ತೆಗೆಯುತ್ತಿದ್ದೆ. ಅವರೂ ಹಾಗೆಯೇ ಮಾಡುತ್ತಿದ್ದರು.

ಮೊನ್ನೆ ಮಗು ಆಡಲು ಓಡಿದ ಮೇಲೆ ನಾವಿಬ್ಬರೇ ಉಳಿದೆವು. ಅವರಿಗೀಗ ಮಂಡಿನೋವೊಂದು ಬಿಟ್ಟರೆ ಏನೂ ಇಲ್ಲ. ಇನ್ನೆಷ್ಟು ದಿನ ಅಂತ ಮುಚ್ಚಿಡುವುದು? ನಾನೇ ಅವರ ಕೈ ಹಿಡಿದು, ಅವತ್ತು ನೀವು ಆತು ಅಂದದ್ದಕ್ಕೆ ನನಗೇನೂ ಬೇಸರವಿಲ್ಲ, ದೇವರೂ ಅದನ್ನು ಲೆಕ್ಕಕ್ಕೆ ಹಿಡಿದಿರಲಾರ ಎಂದೆ.

ಅವರು ನನ್ನ ಮುಖವನ್ನೇ ನೋಡಿದರು.

"ನಾ ಎಲ್ಲಿ ಅಂದೆ? ನೀ ಅಳಕೋತ ಅಂದಿ ಅಂತ ತಿಳದಿದ್ದೆ. ಅದಕ್ಕ ಇಷ್ಟ ವರ್ಷ ನಿನಗ ಏನೂ ಕೇಳಲಿಲ್ಲ."

ಅವತ್ತು ನನ್ನ ಬಾಯಿಯಲ್ಲಿ ಸೆರಗಿತ್ತು. ಹೌದು, ಸೆರಗಿತ್ತು.

ಇಷ್ಟು ವರ್ಷ ನಾನು ಅವರನ್ನು ಕ್ಷಮಿಸಿಕೊಂಡು ಬಂದೆ, ಅವರು ನನ್ನನ್ನು. ಕೈ ಬಿಡದೆ ಹಾಗೆಯೇ ಕೂತೆವು. ಒಳಗೆ ಕತ್ತಲಾಗಿತ್ತು, ದೀಪ ಹಾಕಬೇಕಿತ್ತು. ಇಬ್ಬರೂ ಕೂಡಿಯೇ ಎದ್ದು ಹೋದೆವು.