ನೆತ್ತಿ ನೋಡು

ಇಂಥ ಸಂಗತಿಯನ್ನು ಬೇರೆಯವರು ಹೇಳಿದಾಗ ನಾನು ನಕ್ಕವಳು. ಹೆದರಿದ ಮನಸ್ಸು ಏನನ್ನಾದರೂ ಹುಟ್ಟಿಸಿಕೊಳ್ಳುತ್ತದೆ ಎನ್ನುತ್ತಿದ್ದೆ. ಇದನ್ನು ಓದಿ ನೀವೂ ಹಾಗೇ ಅಂದರೆ ನನಗೆ ಬೇಸರವಿಲ್ಲ.

ಐವತ್ತರ ದಶಕದ ಕೊನೆಯ ಒಂದು ಬೇಸಿಗೆ. ಬೂದಿಕೋಟೆಯಿಂದ ಮದುವೆಯಾಗಿ ಬಂದ ನಾನು ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸಿನಲ್ಲಿ, ಕಾರ್ಮಿಕರ ಲೈನ್ ಮನೆಯೊಂದರಲ್ಲಿದ್ದೆ. ಯಜಮಾನರಿಗೆ ಗಣಿಯೊಳಗೆ ಕೆಲಸ. ನಮ್ಮ ಸಾಲಿನಲ್ಲಿ ಕನ್ನಡದವರು ನಾವು ಮಾತ್ರ; ಉಳಿದವರೆಲ್ಲ ತಮಿಳರು. ಪಕ್ಕದ ಮನೆಯಲ್ಲಿ ಒಬ್ಬ ಮುದುಕಿ ಇದ್ದರು. ಎಲ್ಲರೂ ಅವರನ್ನು ಪಾಟಿ, ಅಂದರೆ ಅಜ್ಜಿ, ಎಂದೇ ಕರೆಯುತ್ತಿದ್ದರು. ಅವರಿಗೆ ಕನ್ನಡ ಅಷ್ಟಿಷ್ಟು ಬರುತ್ತಿತ್ತು. ತಾಯಿಯಿಂದ ದೂರವಿದ್ದ ನನಗೆ ಅವರೇ ದಿಕ್ಕು.

ನನ್ನ ಮಗನಿಗೆ ಆಗ ಐದು ತಿಂಗಳು. ಹಿಂದಿನ ಸಂಜೆಯಿಂದ ಭೇದಿ ಹಿಡಿದಿತ್ತು. ನೀರು ಕುಡಿಸಿದರೆ ಹೆಚ್ಚಾಗುತ್ತದೆ ಎಂದು ಯಾರೋ ಹೇಳಿದ್ದರಿಂದ ಕುಡಿಸಿರಲಿಲ್ಲ. ಯಜಮಾನರು ಬೆಳಗಿನ ಪಾಳಿಗೆ ಇಳಿದಿದ್ದರು. ಮಧ್ಯಾಹ್ನದ ಹೊತ್ತಿಗೆ ಅಳು ನಿಂತಿತು. ಸದ್ಯ, ನಿದ್ದೆ ಬಂತು ಎಂದುಕೊಂಡು ಬಟ್ಟೆ ಒಗೆಯಲು ಎದ್ದೆ.

ಆಗ ಬಾಗಿಲ ಹೊರಗಿನಿಂದ ಪಾಟಿಯ ದನಿ ಕೇಳಿಸಿತು. "ಅಮ್ಮಾ, ಮಗು ನೆತ್ತಿ ನೋಡು."

ಅದೇ ಒಡಕು ದನಿ. "ಬಂದೆ ಪಾಟಿ" ಎನ್ನುತ್ತ ಮಗುವಿನ ತಲೆ ಮುಟ್ಟಿದೆ. ನಡುನೆತ್ತಿಯ ಮೆತ್ತನೆಯ ಜಾಗದಲ್ಲಿ ನನ್ನ ಬೆರಳು ಗುಳಿಯೊಳಗೆ ಇಳಿಯಿತು. ಕಣ್ಣು ಅರೆ ತೆರೆದೇ ಇತ್ತು; ಅದು ನಿದ್ದೆಯಾಗಿರಲಿಲ್ಲ. ಎತ್ತಿಕೊಂಡು ಓಡಿದೆ. ಬಾಗಿಲಲ್ಲಿ ಯಾರಿದ್ದರೆಂದು ನೋಡಲಿಲ್ಲ, ಚಪ್ಪಲಿ ಮೆಟ್ಟಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಮುಟ್ಟಿದ್ದೂ ನೆತ್ತಿಯನ್ನೇ. ಮೈಯ ನೀರು ಬತ್ತಿದರೆ ಎಳೆಮಕ್ಕಳ ನೆತ್ತಿ ಹೀಗೆ ಕುಸಿಯುತ್ತದಂತೆ. ನನಗದು ಗೊತ್ತೇ ಇರಲಿಲ್ಲ. ಸಲೈನ್ ಕೊಟ್ಟರು. "ಇನ್ನೊಂದು ಗಂಟೆ ತಡವಾಗಿದ್ರೆ ನಮ್ಮ ಕೈಲೂ ಆಗ್ತಿರ್ಲಿಲ್ಲಮ್ಮ" ಅಂದರು. ಎರಡು ದಿನ ಅವನ ಎದೆಯ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದೆ. ಮೂರನೆಯ ದಿನ ಗಟ್ಟಿಯಾಗಿ ಅತ್ತ.

ಮನೆಗೆ ಬಂದವಳೇ ಪಾಟಿಯ ಕಾಲು ಹಿಡಿದೆ. "ಆವತ್ತು ನೀವು ನೆತ್ತಿ ನೋಡು ಅಂತ ಕೂಗ್ದೇ ಓಗಿದ್ರೆ ನನ್ ಮಗ ಉಳೀತಿರ್ಲಿಲ್ಲ."

ಪಾಟಿ ಕಾಲು ಹಿಂದೆಳೆದುಕೊಂಡರು. "ನಾನೆಲ್ಲಮ್ಮಾ ಕೂಗ್ದೆ? ಆವತ್ತು ಬೆಳಿಗ್ಗೆ ರೈಲಿಗೇ ಬಂಗಾರಪೇಟೆಗೆ ಮಗಳ ಮನೆಗೆ ಓಗಿದ್ದೆ. ಬಂದಿದ್ದು ಸಾಯಂಕಾಲ." ಪಕ್ಕದಲ್ಲಿದ್ದ ಅವರ ಸೊಸೆಯೂ ಹೌದೆಂದಳು.

ಆಮೇಲೆ ಪಾಟಿ ತಮ್ಮ ಹಣೆ ಮುಟ್ಟಿಕೊಂಡರು. "ನಮ್ಮ ತಮಿಳಲ್ಲಿ ನೆತ್ತಿ ಅಂದ್ರೆ ಇದು. ನೀನು ನೆತ್ತಿ ಅನ್ನೋದಕ್ಕೆ ಉಚ್ಚಿ ಅಂತೀವಿ. ನಾನಾಗಿದ್ರೆ ಉಚ್ಚಿ ನೋಡು ಅಂತಿದ್ದೆ, ಅಲ್ವಾ?" ಹೇಳುತ್ತ ಹೇಳುತ್ತ ಅವರ ಮುಖ ಬಿಳಿಚಿಕೊಂಡಿತು.

ನನ್ನ ಮನಸ್ಸೇ ಕೂಗಿತೆನ್ನೋಣವೆಂದರೆ, ಕುಸಿದ ನೆತ್ತಿಯ ಅರ್ಥ ನನಗೆ ತಿಳಿದಿರಲಿಲ್ಲ. ಹಾಗಾದರೆ ಯಾರು? ಅಂದಿನಿಂದ ಪಾಟಿ ಹೊರಗೆ ನಿಂತು ನನ್ನನ್ನು ಕೂಗಿದ್ದೇ ಇಲ್ಲ. ಒಳಗೆ ಬಂದು, ಎದುರಿಗೆ ನಿಂತು, ನಾನು ತಲೆಯೆತ್ತಿ ಅವರ ಮುಖ ನೋಡಿದ ಮೇಲಷ್ಟೇ ಮಾತಾಡುತ್ತಿದ್ದರು.